ಮೂಡಲಪಾಳ್ಯದ ಪೊಲೀಸ್ ಕುಸುಮಕ್ಕ

ಮೂಡಲಪಾಳ್ಯದಲ್ಲಿ ಕುಸುಮಕ್ಕನ ಮನೆ ಎಲ್ಲಿ ಅಂತ ಕೇಳಿದರೆ ಯಾವ ಕುಸುಮಕ್ಕ ಅಂತ ತಿರುಗಿ ಕೇಳುತ್ತಾರೆ. ಸೀರೆಗೆ ಕುಚ್ಚು ಕಟ್ಟುವ ಕುಸುಮಕ್ಕ ಅಂದರೂ ಎರಡು ಮೂರು ಮನೆ ತೋರಿಸುತ್ತಾರೆ. ಪೊಲೀಸ್ ಕುಸುಮಕ್ಕ ಅಂದರೆ ಮಾತ್ರ ನೇರ ಬಾಗಿಲ ತನಕ ತಂದು ಬಿಡುತ್ತಾರೆ. ಆಕೆ ಜನ್ಮದಲ್ಲಿ ಖಾಕಿ ತೊಟ್ಟವಳಲ್ಲ, ತೊಟ್ಟಿದ್ದು ಗಂಡ. ಆದರೆ ನಮ್ಮ ಕಡೆ ಮೇಷ್ಟ್ರ ಹೆಂಡತಿ ಮೇಷ್ಟ್ರಮ್ಮ, ಡಾಕ್ಟರ ಹೆಂಡತಿ ಡಾಕ್ಟ್ರಮ್ಮ. ಓದಿದ್ದು ಯಾರು, ಪಾಸಾಗಿದ್ದು ಯಾರು ಅಂತ ಕೇಳುವವರಿಲ್ಲ.

ಹುಟ್ಟಿದ್ದೂ ಮೂಡಲಪಾಳ್ಯದಲ್ಲೇ. ಈಗ ಬೇಕರಿ, ಮೊಬೈಲ್ ಅಂಗಡಿ, ಜಿಮ್ಮು ಇರುವ ಸಾಲಿನಲ್ಲಿ ಅವರಪ್ಪ ದೊಡ್ಡಣ್ಣನ ರಾಗಿ ಹೊಲವಿತ್ತು. ಹೊಲ ಹೋಗಿ ಸೈಟುಗಳಾದವು, ಮಗಳಿಗೆ ಅಂತ ಒಂದು ಉಳಿಯಿತು. ಅಳಿಯ ಮಾತ್ರ ಸರ್ಕಾರಿ ಕೆಲಸದವನೇ ಆಗಬೇಕು ಅಂತ ದೊಡ್ಡಣ್ಣ ಹಟ ಹಿಡಿದ. ಸಿಕ್ಕಿದವನು ಕುಣಿಗಲ್ ಕಡೆಯ ಕಾನ್‌ಸ್ಟೇಬಲ್ ಭೈರೇಶ್. ಧಾರೆ ಮುಗಿಯುತ್ತಿದ್ದ ಹಾಗೇ ಎಲ್ಲೋ ಗಲಾಟೆ ಅಂತ ಕರೆ ಬಂದು, ಮದುಮಗ ಊಟದ ಎಲೆ ಬಿಟ್ಟು ಬಂದೋಬಸ್ತಿಗೆ ಹೊರಟನಂತೆ. ಈ ಮನುಷ್ಯನಿಗೆ ಇಲಾಖೆಯೇ ಮೊದಲ ಹೆಂಡತಿ, ತಾನು ಎರಡನೆಯವಳು ಅಂತ ಅವತ್ತೇ ಕುಸುಮಕ್ಕನಿಗೆ ಗೊತ್ತಾಯಿತು. ಹಾಗಂತ ಅಳುತ್ತ ಕೂರುವ ಜಾಯಮಾನ ಅವಳದಲ್ಲ. ಕುಚ್ಚು ಕಟ್ಟುವುದು ಕಲಿತಳು, ಬೀದಿಯ ಅರ್ಧ ಸೀರೆಗಳ ಸೆರಗು ಅವಳ ಕೈಯಲ್ಲೇ ಮುಗಿಯುತ್ತಿತ್ತು. ಮಗಳು ಸ್ಪಂದನ ಓದಿ, ಮದುವೆಯಾಗಿ ಮೈಸೂರು ಸೇರಿದಳು. ಗಂಡ ಹೆಡ್ ಕಾನ್‌ಸ್ಟೇಬಲ್ ಆದ, ಆಮೇಲೆ ಎ.ಎಸ್.ಐ. ಆದ, ಕೂದಲು ಬೆಳ್ಳಗಾಯಿತು. ಹೇಳಿಕೊಳ್ಳುವಂಥ ಕಷ್ಟವೇನೂ ಇರಲಿಲ್ಲ ಅನ್ನಿ.

ಭೈರೇಶನಿಗೆ ಸ್ಟೇಷನ್ನಿನಲ್ಲಿ ಒಂದು ವಿಶೇಷ ಕೆಲಸ ಅಂಟಿಕೊಂಡಿತ್ತು. ಯಾರಾದರೂ ತಲೆ ಕೆಟ್ಟು ಬಾಗಿಲು ಹಾಕಿಕೊಂಡರೆ, ಟೆರೇಸಿನ ಅಂಚಿನಲ್ಲಿ ನಿಂತರೆ, ಮಚ್ಚು ಹಿಡಿದು ಬೀದಿಯಲ್ಲಿ ಓಡಾಡಿದರೆ, 'ಮೆಂಟಲ್ ಕೇಸು, ಭೈರೇಶನ್ನ ಕಳ್ಸಿ' ಅನ್ನುವುದು ರೂಢಿಯಾಗಿಬಿಟ್ಟಿತ್ತು. ಬೇರೆಯವರು ಹೋದರೆ ನಾಲ್ಕು ಜನ ಮೇಲೆ ಬಿದ್ದು, ಟವಲ್ಲಿನಲ್ಲಿ ಕೈ ಕಟ್ಟಿ ಹೊತ್ತು ತರುತ್ತಿದ್ದರು. ಇವನು ಹಾಗಲ್ಲ. ಟೋಪಿ ತೆಗೆದು ಮೆಟ್ಟಿಲ ಮೇಲೆ ಕೂರುತ್ತಿದ್ದ, ಊಟ ಆಯ್ತಾ ಅಂತ ಕೇಳುತ್ತಿದ್ದ. ಕುರುಬರಹಳ್ಳಿಯಲ್ಲಿ ಒಬ್ಬ ಹೆಂಗಸು, ಪಕ್ಕದ ಮನೆಯವರು ಗೋಡೆಯೊಳಗಿಂದ ತನಗೆ ಕರೆಂಟು ಬಿಡುತ್ತಿದ್ದಾರೆ ಅಂತ ಕತ್ತಿ ಹಿಡಿದು ಕೂತಿದ್ದಳು. ಭೈರೇಶ್ ಅವಳ ಮಾತೆಲ್ಲ ಕೇಳಿ, ಸಾಹೇಬ್ರು ನಿಮ್ಮ ಕಂಪ್ಲೇಂಟ್ ಬರ್ಕೋಬೇಕಂತೆ, ಕಾಯ್ತಿದಾರೆ ಅಂದ. ಆಕೆ ಕತ್ತಿ ಒಳಗಿಟ್ಟು, ಒಳ್ಳೆಯ ಸೀರೆ ಉಟ್ಟುಕೊಂಡು ಬಂದು ಜೀಪು ಹತ್ತಿದಳಂತೆ. ಹತ್ತದೆ ಏನು? ವರ್ಷಗಟ್ಟಲೆ ಯಾರೂ ಕಿವಿಗೆ ಹಾಕಿಕೊಳ್ಳದ ದೂರನ್ನು ಕೇಳೋಕೆ ಒಬ್ಬ ಸಾಹೇಬ ಕಾಯುತ್ತಿದ್ದಾನೆ ಅಂದರೆ ಯಾರು ತಾನೆ ಹೊರಡುವುದಿಲ್ಲ! ಇಂಥ ಕೇಸುಗಳಲ್ಲಿ ಜೀಪು ಮಾತ್ರ ಸ್ಟೇಷನ್ ದಾಟಿಕೊಂಡು ಸೀದಾ ಮಾನಸಿಕ ಆಸ್ಪತ್ರೆಗೆ ಹೋಗುತ್ತಿತ್ತು.

ಊಟಕ್ಕೆ ಕೂತಾಗ ಭೈರೇಶ್ ಈ ಕಥೆಗಳನ್ನು ಹೇಳುತ್ತಿದ್ದ, ಕುಸುಮಕ್ಕ ಸಾರು ಬಡಿಸುತ್ತ ನಗುತ್ತಿದ್ದಳು. ಕಥೆ ಚೆನ್ನಾಗಿಯೇ ಇರುತ್ತಿತ್ತು. ಆ ಹೆಂಗಸು ಆಮೇಲೆ ಏನಾದಳು ಅಂತ ಇವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹೋದ ವರ್ಷ ಅವರೆಕಾಯಿ ಸೊಗಡು ಬೀದಿಗೆ ಬರುವ ಹೊತ್ತಿಗೆ ಭೈರೇಶನ ನಿದ್ದೆ ಹೋಯಿತು. ಯಾಕೆ ಅಂತ ಕೇಳಬೇಡಿ, ಕಾರಣ ಹುಡುಕಿ ಹುಡುಕಿ ಕುಸುಮಕ್ಕನೇ ಸುಸ್ತಾಗಿದ್ದಾಳೆ. ಮೊದಲು ಎದುರು ಮನೆಯವರು ಹಾಕಿಸಿದ ಕ್ಯಾಮೆರಾ ತನ್ನ ಕಡೆಗೇ ತಿರುಗಿದೆ ಅಂದ. ಅಷ್ಟೇನೂ ಸುಳ್ಳಲ್ಲ, ಸ್ವಲ್ಪ ತಿರುಗೇ ಇತ್ತು. ಆಮೇಲೆ ಇಲಾಖೆಯವರೇ ತನ್ನ ಮೇಲೆ ಗುಟ್ಟಾಗಿ ವಿಚಾರಣೆ ಮಾಡುತ್ತಿದ್ದಾರೆ ಅಂದ. ರಜೆ ಹಾಕಿ ಮನೆಯಲ್ಲಿ ಕೂತ. ಫೋನ್ ಆಫ್ ಮಾಡಿ ರಾಗಿ ಡಬ್ಬಿಯಲ್ಲಿ ಹೂತಿಟ್ಟ. ಆಮೇಲೆ ಊಟ ನಿಂತಿತು. ಕಡಲೆಕಾಯಿ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಮಾತ್ರ ತಿನ್ನುತ್ತಿದ್ದ, ಅದೂ ತಾನೇ ಸುಲಿದುಕೊಂಡು. ಸಿಪ್ಪೆ ಇರುವುದಕ್ಕೆ ಯಾರೂ ಏನೂ ಬೆರೆಸೋಕಾಗಲ್ಲವಲ್ಲ! ಮೊದಮೊದಲು ಕುಸುಮಕ್ಕನಿಗೆ ನಗು ಬಂತು. ಒಂದು ದಿನ ಅವಳು ತಂದಿಟ್ಟ ನೀರಿನ ಲೋಟವನ್ನು ಅವನು ನೋಡಿದ ನೋಟ ಕಂಡು ನಗು ಅಲ್ಲೇ ಸತ್ತಿತು. ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಬಿಟ್ಟ. ಮುಖ ಒಣಗಿ ಇಷ್ಟಾಯಿತು.

ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ಯಾರೋ ಮಾಟ ಮಾಡಿಸಿರಬೇಕು, ತಡೆ ಒಡೆಸು ಅಂದಳು. ಕುಸುಮಕ್ಕ ಅದನ್ನೂ ಮಾಡಿಸಿದಳು. ನಿಂಬೆಹಣ್ಣು ಹೋಯಿತು, ಕಾಯಿಲೆ ಉಳಿಯಿತು. ಆಸ್ಪತ್ರೆಗೆ ಹೋಗೋಣ ರೀ ಅಂತ ಬೇಡಿದಳು, ಬೈದಳು, ತಾಳಿ ಮುಟ್ಟಿಕೊಂಡು ಹೇಳಿದಳು. ಯಾರ ಕಡೆಯವಳು ನೀನು ಅಂತ ಕೇಳಿದ. ಅವತ್ತು ಗಟ್ಟಿ ಮನಸ್ಸು ಮಾಡಿ ನೂರಾ ಹನ್ನೆರಡಕ್ಕೆ ಫೋನ್ ಮಾಡಿದಳು. ಗಂಡನ ಮೇಲೆ ಪೊಲೀಸರನ್ನು ಕರೆಯುವುದು, ಅದೂ ಪೊಲೀಸ್ ಗಂಡನ ಮೇಲೆ! ನುಂಗೋಕೂ ಆಗದ, ಉಗುಳೋಕೂ ಆಗದ ಬಿಸಿತುಪ್ಪ ಅದು.

ಪೊಲೀಸರ ಗಸ್ತಿನ ಹೊಯ್ಸಳ ಗಾಡಿ ಬೇಗನೇ ಬಂತು. ಇಳಿದವನು ಹೆಡ್ ಕಾನ್‌ಸ್ಟೇಬಲ್ ಲಕ್ಷ್ಮೀಪತಿ. ಅವನು ಕೆಲಸಕ್ಕೆ ಸೇರಿದಾಗ ಬೂಟಿಗೆ ಪಾಲಿಶ್ ಹಾಕುವುದರಿಂದ ಹಿಡಿದು ಎಲ್ಲ ಕಲಿಸಿದವನು ಭೈರೇಶನೇ. ಭೈರೇಶ್ ಲುಂಗಿಯಲ್ಲೇ ಬಾಗಿಲಿಗೆ ಬಂದ, ಬೆನ್ನು ನೆಟ್ಟಗೆ ಮಾಡಿ ನಿಂತ, ಏನ್ರಯ್ಯ ವಿಷ್ಯ ಅಂತ ಕೇಳಿದ. ಲಕ್ಷ್ಮೀಪತಿಯ ಹಿಮ್ಮಡಿ ತಂತಾನೇ ಕೂಡಿಕೊಂಡಿತು. ಮನೆ ವಿಷ್ಯ, ಏನಿಲ್ಲ, ನಡೀರಿ ಅಂದ ಭೈರೇಶ್. ಸರಿ ಸಾರ್ ಅಂತ ಸಲ್ಯೂಟ್ ಹೊಡೆದು ಅವನೂ ಜೊತೆಗೆ ಬಂದಿದ್ದ ಕಾನ್‌ಸ್ಟೇಬಲ್ಲೂ ಹೊರಟೇಬಿಟ್ಟರು. ಕುಸುಮಕ್ಕ ಬೀದಿ ತಿರುವಿನ ತನಕ ಓಡಿ ಗಾಡಿ ನಿಲ್ಲಿಸಿದಳು.

ಲಕ್ಷ್ಮೀಪತಿ ಒಳ್ಳೆಯವನು, ಅದೇ ತೊಂದರೆ. ಅಕ್ಕಾ, ಸಾರ್ ರಿಟೈರ್ ಆಗೋಕೆ ಇನ್ನೇನು ಹತ್ತಿರ, ಈಗ ಸ್ಟೇಷನ್ ಡೈರಿಯಲ್ಲಿ ಎಂಟ್ರಿ ಗಿಂಟ್ರಿ ಅಂತ ಹೋದರೆ ಮೆಡಿಕಲ್ ಮಾಡಿಸ್ತಾರೆ, ಅನ್‌ಫಿಟ್ ಅಂತಾರೆ, ಇಷ್ಟು ವರ್ಷದ ಹೆಸರು ಮಣ್ಣಾಗತ್ತೆ ಅಂತ ಕೈಮುಗಿದು ಹೇಳಿದ. ಕಂಟ್ರೋಲ್ ರೂಮಿಗೆ ಮನೆ ಜಗಳ, ಸರಿಹೋಗಿದೆ ಅಂತ ತಿಳಿಸುತ್ತೇನೆ, ನೀವು ನಿಧಾನಕ್ಕೆ ನೋಡಿಕೊಳ್ಳಿ ಅಂದ. ಸಾರ್ ಮೇಲಿನ ಪ್ರೀತಿಗೆ ಅವನ ಕಣ್ಣಲ್ಲಿ ನೀರೂ ಬಂತು. ಆ ಪ್ರೀತಿಗೆ ಬೆಂಕಿ ಹಾಕ! ಗುರುತಿಲ್ಲದ ಕೂಲಿಯವನಾಗಿದ್ದರೆ ಅಷ್ಟು ಹೊತ್ತಿಗೆ ಆಸ್ಪತ್ರೆಯ ಮಂಚದ ಮೇಲಿರುತ್ತಿದ್ದ. ಸಾರ್ ಆದ ಪಾಪಕ್ಕೆ ಮನೆಯಲ್ಲೇ ಒಣಗಬೇಕಾಯಿತು.

ಬಂದವರು ಹೋದರು, ಅವರು ಬಂದದ್ದು ಮಾತ್ರ ಮನೆಯಲ್ಲಿ ಉಳಿಯಿತು. ಫೋನ್ ಮಾಡಿದವಳು ಹೆಂಡತಿಯೇ ಅಂತ ಭೈರೇಶನಿಗೆ ಗೊತ್ತಾಗದೆ ಇರುತ್ತದೆಯೇ? ಅವಳ ಜೊತೆ ಮಾತು ಬಿಟ್ಟ. ಅವಳು ಒಲೆ ಹಚ್ಚಿದರೆ ಎದ್ದು ಬಂದು ಆರಿಸುತ್ತಿದ್ದ. ಒಂದು ಸೋಮವಾರ ಬೆಳಿಗ್ಗೆ ಅವಳು ಹಾಲು ತರಲು ಹೋಗಿ ಬರುವಷ್ಟರಲ್ಲಿ ಒಳಗಿಂದ ಚಿಲಕ ಹಾಕಿಕೊಂಡಿದ್ದ. ಕಿಟಕಿಯಿಂದ ಇಣುಕಿದರೆ ಗ್ಯಾಸ್ ಸಿಲಿಂಡರನ್ನು ನಡುಮನೆಗೆ ಎಳೆದು ತಂದು ಬಾಗಿಲಿಗೆ ಅಡ್ಡ ಇಟ್ಟು, ಅದರ ಪಕ್ಕ ನೆಲದ ಮೇಲೆ ಕೂತಿದ್ದಾನೆ. ಕೈಯಲ್ಲಿ ಬೆಂಕಿಪೊಟ್ಟಣ. ಯಾರು ಒಳಗೆ ಕಾಲಿಟ್ಟರೂ ಗೀರ್ತೀನಿ ಅಂದ. ಕೂಗಿ ಹೇಳಲಿಲ್ಲ, ಹಾಲಿನವನಿಗೆ ನಾಳೆ ಬೇಡ ಅನ್ನುವಷ್ಟು ಸಲೀಸಾಗಿ ಹೇಳಿದ.

ಹಾಲಿನ ಪ್ಯಾಕೆಟ್ಟು ಮೆಟ್ಟಿಲ ಮೇಲೇ ಬಿಟ್ಟು ಕುಸುಮಕ್ಕ ಮತ್ತೆ ಫೋನ್ ಮಾಡಿದಳು. ಈ ಸಲ ಬಂದ ಗಾಡಿಯಲ್ಲಿ ಲಕ್ಷ್ಮೀಪತಿಯ ಜೊತೆ ಚೇತನಾ ಇದ್ದಳು. ಹೆಂಗಸರ ಕೇಸುಗಳಿಗೆ ಭೈರೇಶ್ ಜೊತೆಗೆ ಕರೆದುಕೊಂಡು ಹೋಗುತ್ತಿದ್ದ ಕಾನ್‌ಸ್ಟೇಬಲ್ಲು, ಎರಡು ಮಕ್ಕಳ ತಾಯಿ, ಮಾತಿನಲ್ಲಿ ಹದ ತಿಳಿದವಳು. ಕಿಟಕಿಯ ಹತ್ತಿರ ಹೋಗಿ, ಸಾರ್, ಸಾಹೇಬ್ರು ಕಾಯ್ತಿದಾರೆ, ನಿಮ್ಮ ಕಂಪ್ಲೇಂಟ್ ಬರ್ಕೋಬೇಕಂತೆ ಅಂದಳು. ಒಳಗಿಂದ ನಗು ಕೇಳಿಸಿತು. ಬಹಳ ದಿನದ ಮೇಲೆ ಭೈರೇಶ್ ನಕ್ಕಿದ್ದ. 'ನನ್ನ ಮಾತು ನನಗೇ ಮಾರ್ತೀಯಲ್ಲಮ್ಮ' ಅಂದು ಕಿಟಕಿ ಮುಚ್ಚಿಕೊಂಡ.

ಬೀದಿ ತುಂಬಿತು. ಎದುರು ಮನೆಯ ಟೆರೇಸಿನಲ್ಲಿ ಮೊಬೈಲುಗಳು ಮೇಲೆದ್ದವು. ಲಕ್ಷ್ಮೀಪತಿ ಬಾಗಿಲ ಮುಂದೆ ನಿಂತು, ಸಾರ್ ದಯವಿಟ್ಟು ಸಾರ್ ಅಂತ ಅದನ್ನೇ ಹತ್ತು ಸಲ ಹೇಳಿದ. ಕುಸುಮಕ್ಕನಿಗೆ ತಡೆಯಲಾಗಲಿಲ್ಲ. ಬೇರೆ ಯಾರದೋ ಮನೆ ಅಂದುಕೊಳ್ಳಿ, ಒಳಗಿರೋದು ಸಾರ್ ಅಲ್ಲ, ಯಾರೋ ಒಬ್ಬ ಅಂದುಕೊಳ್ಳಿ, ಆಗ ಏನು ಮಾಡುತ್ತಿದ್ರಿ, ಅದನ್ನೇ ಮಾಡಿ ಅಂದಳು.

ಲಕ್ಷ್ಮೀಪತಿ ಚೇತನಾಳ ಮುಖ ನೋಡಿದ. ಉತ್ತರ ಕೊಟ್ಟವಳು ಚೇತನಾ.

"ಬೇರೆ ಮನೆ ಆಗಿದ್ರೆ ಭೈರೇಶ್ ಸಾರನ್ನೇ ಕರೆಸ್ತಿದ್ವಿ, ಅಕ್ಕ."

ಕುಸುಮಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇಡೀ ಸ್ಟೇಷನ್ನಿಗೆ ಈ ಕೆಲಸ ಬಲ್ಲವನು ಒಬ್ಬನೇ, ಅವನು ಬಾಗಿಲ ಆ ಕಡೆ ಕೂತಿದ್ದಾನೆ. ಇಷ್ಟು ವರ್ಷ ಊಟದ ಹೊತ್ತಿಗೆ ಕಥೆ ಕೇಳಿ ನಕ್ಕಳಲ್ಲ, ಒಂದೇ ಒಂದು ದಿನ ಹೇಗೆ ಮಾಡುತ್ತೀರಿ ಅಂತ ಸರಿಯಾಗಿ ಕೇಳಿದ್ದರೆ ಅಂತ ತನ್ನ ಮೇಲೇ ರೇಗಿತು. ಆಮೇಲೆ ತಲೆಯೆತ್ತಿ, ಕೇಳಮ್ಮ ಹಂಗಾದ್ರೆ, ಅವರನ್ನೇ ಕೇಳು ಅಂದಳು. ಅದರಲ್ಲಿ ಉಪಾಯ ಗಿಪಾಯ ಏನೂ ಇರಲಿಲ್ಲ. ಬೇರೆ ದಾರಿ ಕಾಣದವಳ ಮಾತು ಅಷ್ಟೆ.

ಚೇತನಾ ಕಿಟಕಿ ತಟ್ಟಿದಳು. ಸಾರ್, ಒಂದು ಕೇಸ್ ಬಂದಿದೆ, ನಮಗೆ ತಿಳೀತಿಲ್ಲ, ಏನು ಮಾಡಬೇಕು ಹೇಳಿ ಅಂದಳು. ಒಬ್ಬರು ಬಾಗಿಲು ಹಾಕಿಕೊಂಡಿದ್ದಾರೆ ಸಾರ್ ಅಂದಳು.

ಒಳಗಿಂದ ಭೈರೇಶನ ಧ್ವನಿ ಬಂತು. ಸ್ಟೇಷನ್ನಿನ ಧ್ವನಿ ಅದು, ಮನೆಯದಲ್ಲ.

"ಜನ ಸೇರಿದಾರಾ?"

ಸೇರಿದಾರೆ ಸಾರ್ ಅಂದಳು ಚೇತನಾ. ಮೊದಲು ಅವರನ್ನ ಕಳಿಸು, ಮೊಬೈಲ್ ಹಿಡಿದವರನ್ನ ಇನ್ನೂ ಮೊದಲು ಕಳಿಸು ಅಂದ. ಲಕ್ಷ್ಮೀಪತಿ ಲಾಠಿ ಹಿಡಿದು ಓಡಿದ. ಟೋಪಿ ತೆಗಿ, ಲಾಠಿ ಗಾಡಿಯಲ್ಲಿ ಇಡಿ ಅಂದ. ಲಕ್ಷ್ಮೀಪತಿ ಲಾಠಿ ಇಡೋಕೆ ವಾಪಸ್ ಓಡಿದ.

"ಒಳಗೆ ಸಿಲಿಂಡರ್ ಇದೆಯಾ ನೋಡಿದ್ಯಾ?"

"ಇದೆ ಸಾರ್. ಬಾಗಿಲಿಗೇ ಅಡ್ಡ ಇಟ್ಕೊಂಡಿದಾರೆ."

"ಬುದ್ಧಿ ಇಲ್ಲದವನು," ಅಂದ ಭೈರೇಶ್. ಅದನ್ನ ಮೊದಲು ಈಚೆಗೆ ಹಾಕಿಸಬೇಕು, ಆಮೇಲೆ ಮಿಕ್ಕ ಮಾತು ಅಂದ. ಊಟ ಮಾಡಿದಾನಾ ಅಂತ ಕೇಳಿದ. ಇಲ್ಲ ಸಾರ್. ನಿದ್ದೆ? ಅದೂ ಇಲ್ಲ ಸಾರ್. ಅವನಿಗೆ ನಂಬಿಕೆ ಇರೋರು ಯಾರಿದಾರೆ ಅಂತ ಕೇಳಿದ. ಹೆಂಡತಿ ಇದ್ದಾರೆ ಸಾರ್, ಇಲ್ಲೇ ಇದ್ದಾರೆ ಅಂದಳು ಚೇತನಾ.

ಕುಸುಮಕ್ಕ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು.

"ಹೆಂಡ್ತಿನ ನಂಬಲ್ಲ ಅವನು," ಅಂದ ಭೈರೇಶ್. "ನಂಬಬೇಕು ಅಂತ ತುಂಬಾ ಆಸೆ ಇರತ್ತೆ. ಆಗಲ್ಲ."

ಲಕ್ಷ್ಮೀಪತಿ ಕಣ್ಣೊರೆಸಿಕೊಂಡ. ಒಳಗೆ ಏನೋ ಭಾರವಾದದ್ದು ನೆಲಕ್ಕೆ ಉಜ್ಜಿಕೊಂಡು ಹೋಗುವ ಸದ್ದಾಯಿತು. ಬೀರು ತೆರೆದ ಸದ್ದಾಯಿತು. ಆಮೇಲೆ ಚಿಲಕ ತೆಗೆದುಕೊಂಡಿತು. ಭೈರೇಶ್ ಯೂನಿಫಾರ್ಮ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಗುಂಡಿಗಳು ಒಂದಕ್ಕೊಂದು ತಪ್ಪಿದ್ದವು, ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಬೆಲ್ಟಿನಲ್ಲಿ ನೆರಿಗೆಯಾಗಿತ್ತು. ಬೆಂಕಿಪೊಟ್ಟಣವನ್ನು ಚೇತನಾಳ ಕೈಗೆ ಕೊಟ್ಟ. ನಿಮ್ಮ ಕೈಲಿ ಆಗಲ್ಲ, ನಾನೇ ಬರ್ತೀನಿ, ನಡೀರಿ ಅಂತ ಹೋಗಿ ಗಾಡಿಯ ಮುಂದಿನ ಸೀಟಿನಲ್ಲಿ ಕೂತ.

ಯಾವ ಕೇಸು, ಯಾವ ಮನೆ, ಎಲ್ಲಿಗೆ ಹೋಗುವುದು ಅಂತ ಅವನು ಕೇಳಲಿಲ್ಲ. ಹೇಳುವ ಧೈರ್ಯ ಇವರಿಗೂ ಇರಲಿಲ್ಲ. ಕುಸುಮಕ್ಕ ಹಾಕಿಕೊಂಡಿದ್ದ ನೈಟಿಯ ಮೇಲೇ ಒಂದು ದುಪಟ್ಟಾ ಹೊದ್ದು ಹಿಂದೆ ಹತ್ತಿದಳು. ಗಾಡಿ ಮೈಸೂರು ರೋಡಿಗೆ ಬಂದು, ದೀಪಾಂಜಲಿ ನಗರದ ಮೆಟ್ರೊ ಕೆಳಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಸೈರನ್ ಹಾಕಲಾ ಸಾರ್ ಅಂತ ಲಕ್ಷ್ಮೀಪತಿ ಕೇಳಿದ. ಬೇಡ, ಹಿಂದೆ ಕೂತಿರೋರಿಗೆ ಗಾಬರಿಯಾಗತ್ತೆ ಅಂದ ಭೈರೇಶ್. ಕುಸುಮಕ್ಕ ಅವನ ಕುತ್ತಿಗೆಯ ಹಿಂಭಾಗ ನೋಡುತ್ತ ಕೂತಳು. ಇವನು ಈಗ ಇಳಿದು ಓಡಿದರೆ ಏನು ಮಾಡೋದು, ಆಸ್ಪತ್ರೆಯ ಬೋರ್ಡು ಕಂಡರೆ ಏನು ಮಾಡೋದು ಅನ್ನುವುದೊಂದೇ ಅವಳಿಗೆ. ಬೋರ್ಡು ಕಂಡಿತು. ಅವನು ಇಳಿಯಲಿಲ್ಲ, ಓಡಲೂ ಇಲ್ಲ. ಗೇಟಿನವನು ಗುರುತು ಹಿಡಿದು ನಮಸ್ಕಾರ ಹೇಳಿದ, ಇವನು ತಲೆಯಾಡಿಸಿದ.

ತುರ್ತು ವಿಭಾಗದ ದಾರಿ ಅವನಿಗೆ ಯಾರೂ ತೋರಿಸಬೇಕಾಗಿರಲಿಲ್ಲ. ಮುಂದೆ ಅವನು, ಹಿಂದೆ ಕುಸುಮಕ್ಕ, ಅವಳ ಹಿಂದೆ ಚೇತನಾ. ಮೇಜಿನ ಹಿಂದೆ ಒಬ್ಬ ಸಣ್ಣ ವಯಸ್ಸಿನ ಡಾಕ್ಟ್ರಮ್ಮ ಇದ್ದಳು, ಸ್ವಂತ ಓದಿ ಡಾಕ್ಟ್ರಮ್ಮ ಆದವಳು. ಪೊಲೀಸರು ಕರೆತಂದ ಕೇಸು ಅಂತ ಅವಳಿಗೆ ಗೊತ್ತಾಯಿತು.

"ಪೇಷಂಟ್ ಯಾರು?" ಅಂತ ಕೇಳಿದಳು.

ಭೈರೇಶ್ ಹಿಂದೆ ತಿರುಗಿದ. ಚೇತನಾ ನೆಲ ನೋಡುತ್ತಿದ್ದಳು. ಅವನು ಚೇತನಾಳನ್ನು ನೋಡಿದ, ಗೋಡೆ ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ. ಬಾಚದ ತಲೆ, ನೈಟಿ, ಓರೆಯಾದ ದುಪಟ್ಟಾ, ಅತ್ತೂ ಅತ್ತೂ ಊದಿದ ಕಣ್ಣು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಇವರೇ ಮೇಡಂ," ಅಂದ. "ನನ್ನ ಹೆಂಡ್ತಿ."

ಕುಸುಮಕ್ಕನಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ನಿದ್ದೆಗೆಟ್ಟವಳು, ಬೇಡಿಕೊಂಡವಳು, ಬೀದಿಯವರ ಬಾಯಿಗೆ ಬಿದ್ದವಳು ನಾನು, ಈಗ ಹುಚ್ಚಿಯೂ ನಾನೇ ಆಗಬೇಕಾ ಅಂತ ಮೈ ಉರಿದುಹೋಯಿತು. ಚೇತನಾ ಮುಂದೆ ಬಂದು ಬಾಯಿ ತೆರೆದಳು. ಇವರಲ್ಲ ಮೇಡಂ ಅಂತ ಅವಳು ಅಂದುಬಿಟ್ಟರೆ ಈ ಮನುಷ್ಯ ಇದೇ ಬಾಗಿಲಿನಿಂದ ಹೊರಗೆ ಹೋಗುತ್ತಾನೆ, ಮತ್ತೆ ಈ ಬಾಗಿಲಿಗೆ ಬರುವುದಿಲ್ಲ ಅಂತ ಕುಸುಮಕ್ಕನಿಗೆ ಹೊಳೆಯಿತು. ಚೇತನಾಳ ಕೈ ಹಿಡಿದು ಹಿಂದಕ್ಕೆ ಎಳೆದಳು. ಡಾಕ್ಟ್ರ ಮುಂದಿದ್ದ ಸ್ಟೂಲಿನ ಮೇಲೆ ತಾನೇ ಹೋಗಿ ಕೂತಳು.

"ಹೌದು ಮೇಡಂ," ಅಂದಳು. "ನಾನೇ."

ಡಾಕ್ಟ್ರಮ್ಮ ಇವಳನ್ನು ನೋಡಿದಳು. ಆಮೇಲೆ ಅವನ ತಪ್ಪಿದ ಗುಂಡಿಗಳನ್ನು, ಒಡೆದ ತುಟಿಯನ್ನು, ಸೊಂಟದಲ್ಲಿ ನಿಲ್ಲದ ಪ್ಯಾಂಟನ್ನು ನೋಡಿದಳು. ಇನ್ನೊಂದು ಕುರ್ಚಿ ಎಳೆದು ಅವನನ್ನು ಕೂರಿಸಿದಳು. ಇವರಿಗೆ ಏನಾಗುತ್ತಿದೆ ಅಂತ ನೀವೇ ಹೇಳಿ ಸಾರ್, ನಿಧಾನವಾಗಿ ಹೇಳಿ ಅಂದಳು.

ಭೈರೇಶ್ ಹೇಳಿದ. ನಿದ್ದೆ ಬರಲ್ಲ ಮೇಡಂ ಅಂದ. ಕಣ್ಣು ಮುಚ್ಚಿದರೆ ಯಾರೋ ಬಾಗಿಲ ಹತ್ತಿರ ಬಂದು ನಿಂತ ಹಾಗಾಗತ್ತೆ. ತಟ್ಟೆಯಲ್ಲಿ ಅನ್ನ ಕಂಡರೆ ಹಸಿವಾಗತ್ತೆ, ಕೈ ಹೋಗಲ್ಲ. ಇಲಾಖೆಗೆ ಏನು ದ್ರೋಹ ಮಾಡಿದೆ ಅಂತ ದಿನವಿಡೀ ಲೆಕ್ಕ ಹಾಕಿದರೂ ಗೊತ್ತಾಗಲ್ಲ. ಮನೆಯವರ ಮುಖವೇ ಬೇರೆ ಯಾರದೋ ಅನ್ನಿಸತ್ತೆ. ಇಷ್ಟೆಲ್ಲ ಅವಳಿಗೆ ಆಗುತ್ತಿದೆ ಮೇಡಂ, ಪಾಪ, ಬಾಯಿಬಿಟ್ಟು ಯಾರಿಗೂ ಹೇಳಿಲ್ಲ ಅಂದ. ಕುಸುಮಕ್ಕ ಸೆರಗಿಲ್ಲದ್ದಕ್ಕೆ ದುಪಟ್ಟಾವನ್ನೇ ಬಾಯಿಗೆ ಒತ್ತಿಕೊಂಡು ಕೇಳಿದಳು. ಅವನ ಒಳಗೆ ಏನು ನಡೆಯುತ್ತಿದೆ ಅಂತ ಅವಳಿಗೆ ತಿಳಿದದ್ದು ಅದೇ ಮೊದಲು.

ಸಾಯಬೇಕು ಅಂತ ಅನ್ನಿಸುತ್ತದೆಯಾ ಇವರಿಗೆ ಅಂತ ಡಾಕ್ಟ್ರಮ್ಮ ಕೇಳಿದಳು.

"ಅನ್ಸತ್ತೆ ಮೇಡಂ," ಅಂದ ಭೈರೇಶ್. "ಭಯಕ್ಕೆ ಅನ್ಸತ್ತೆ. ಸಾಯೋಕೆ ಇಷ್ಟ ಇಲ್ಲ ಅವಳಿಗೆ."

ಡಾಕ್ಟ್ರಮ್ಮ ಅದನ್ನು ಬರೆದುಕೊಂಡಳು. ಆಮೇಲೆ, ಇವರನ್ನ ಕೆಲವು ದಿನ ಇಲ್ಲೇ ಇಟ್ಟುಕೊಂಡು ನೋಡೋಣ, ಊಟ, ನಿದ್ದೆ, ಔಷಧಿ ಎಲ್ಲ ನಾವು ನೋಡಿಕೊಳ್ಳುತ್ತೇವೆ, ಜೊತೆಗೆ ಯಾರಾದರೂ ಇರಬೇಕಾಗತ್ತೆ ಅಂದಳು. ಮನೆಯವರೇ ಆದರೆ ಒಳ್ಳೆಯದು ಅಂದಳು.

ಭೈರೇಶ್ ಟೋಪಿಯನ್ನು ಮೇಜಿನ ಮೇಲಿಟ್ಟ. ಬೆಲ್ಟು ಬಿಚ್ಚಿ, ಸುತ್ತಿ, ಅದರ ಪಕ್ಕ ಇಟ್ಟ. ಚೇತನಾಗೆ ನೀವು ಹೊರಡಿ ಅಂತ ಕೈಸನ್ನೆ ಮಾಡಿದ.

"ನಾನಿರ್ತೀನಿ ಮೇಡಂ," ಅಂದ. "ಅವಳಿಗೆ ನನ್ನ ಬಿಟ್ರೆ ಯಾರಿದಾರೆ?"